ಹಸಿವಾಗುತ್ತಿದೆ ಎಂದಾಗ ನಂಬಿದವರಿಗೆ

ಈ ಶ್ರಾವಣಕ್ಕೆ ನನ್ನ ಆಪರೇಷನ್ ಆಗಿ ವರ್ಷ ತುಂಬಿತು. ತೂಕ ಇಳಿಸುವ ಆಪರೇಷನ್, ಸ್ಲೀವ್ ಅಂತಾರಲ್ಲ, ಅದು. ಶುಗರ್ ಹಿಡಿತಕ್ಕೆ ಬಂದಿದೆ. ಮುಂಬೈ ಪಕ್ಕದ ನಮ್ಮ ಡೊಂಬಿವಿಲಿ ಸ್ಟೇಷನ್ನಿನ ಮೆಟ್ಟಿಲನ್ನು ಈಗ ಎಲ್ಲೂ ನಿಲ್ಲದೆ ಹತ್ತುತ್ತೇನೆ. ನೀವೆಲ್ಲ ಫೋನ್ ಮಾಡಿ ಸಂತೋಷ ಹಂಚಿಕೊಂಡಿದ್ದೀರಿ, ಹರಸಿದ್ದೀರಿ. ಎಲ್ಲರಿಗೂ ಕೈ ಮುಗಿಯುತ್ತೇನೆ. ಕಿಲೋ ಇಳಿದ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ಅದಾದ ಮೇಲೆ ಬಂದ ಹಸಿವಿನ ಸುದ್ದಿ ಗೊತ್ತಿದ್ದದ್ದು ನಾಲ್ಕೈದು ಜನರಿಗೆ ಮಾತ್ರ. ಅವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು ಅಂತ ಇಷ್ಟು ಬರೆಯುತ್ತಿದ್ದೇನೆ.

ನನ್ನದು ಡಬ್ಬಾದ ಕೆಲಸ, ಅಂದರೆ ಮನೆಯಲ್ಲೇ ಅಡುಗೆ ಮಾಡಿ ಡಬ್ಬಕ್ಕೆ ತುಂಬಿಸಿ ಗಿರಾಕಿಗಳಿಗೆ ಕಳಿಸುವುದು. ಬೆಳಿಗ್ಗೆ ಐದಕ್ಕೆಲ್ಲ ಕೊತ್ತಂಬರಿ, ಮೆಂತೆ, ಬ್ಯಾಡಗಿ ಮೆಣಸನ್ನು ತೆಂಗಿನೆಣ್ಣೆಯಲ್ಲಿ ಹುರಿಯುತ್ತೇನೆ. ಆಪರೇಷನ್ ಆದ ಹೊಸತರಲ್ಲಿ ಆ ಪರಿಮಳ ಮೂಗಿಗೆ ಬಡಿದರೂ ಏನೂ ಅನ್ನಿಸುತ್ತಿರಲಿಲ್ಲ. ಹಸಿವೇ ಇರಲಿಲ್ಲ. ಒಂದು ಗುಟುಕು ನೀರು ಕುಡಿಯುವುದಕ್ಕೂ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿದ್ದೆ. ಸ್ಲೀವ್‌ನಲ್ಲಿ ಜಠರದ ನೂರಕ್ಕೆ 75ರಿಂದ 80 ಭಾಗ ತೆಗೆಯುತ್ತಾರೆ. ಗ್ರೆಲಿನ್ ಅಂತ ಒಂದು ಹಾರ್ಮೋನ್ ಇದೆ, ಹಸಿವಿನ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವುದು ಅದೇ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಕಂಡುಹಿಡಿದರು. ಅದು ಜಾಸ್ತಿ ತಯಾರಾಗುವುದು ಜಠರದ ಮೇಲಿನ ಭಾಗದಲ್ಲಿ. ಆಪರೇಷನ್‌ನಲ್ಲಿ ಆ ಭಾಗವೇ ಹೋಗುತ್ತದೆ. ಅದಕ್ಕೇ ಶುರುವಿನಲ್ಲಿ ಅಷ್ಟು ನಿರಾಳ.

ಅರ್ಧ ವರ್ಷ ಕಳೆಯುವಷ್ಟರಲ್ಲಿ ಹಸಿವು ವಾಪಸ್ ಬಂತು. ಬೆಳಿಗ್ಗೆ ಹನ್ನೊಂದು ಗಂಟೆ, ಡಬ್ಬಾ ತುಂಬಿಸುವ ಹೊತ್ತು. ಹೊಟ್ಟೆಯ ಮೇಲ್ಭಾಗ ಕೊರೆದ ಹಾಗೆ, ಕೈ ಸಣ್ಣಗೆ ನಡುಗುವುದು. ಎದುರಿಗೆ ಬಿಸಿ ಅನ್ನ, ಸಾಂಬಾರು, ಪಲ್ಯ ಸಾಲಾಗಿ ಇದೆ. ನನಗೆ ಆದದ್ದು ಭಯ. ಜಠರ ಮತ್ತೆ ದೊಡ್ಡದಾಯಿತಾ? ಮಾಡಿಸಿದ್ದೆಲ್ಲ ನೀರಿನಲ್ಲಿ ಹೋಮ ಆಯಿತಾ? ಬಂಧುಗಳೊಬ್ಬರ ಹತ್ತಿರ ಹೇಳಿಕೊಂಡಾಗ, "ಅಷ್ಟು ದುಡ್ಡು ಸುರಿದು ಹೊಟ್ಟೆ ಕೊಯ್ಸಿಕೊಂಡರೂ ಹಸಿವಾ? ಅದು ಬಾಯಿಚಪಲ ಅಷ್ಟೇ" ಅಂದರು. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಆಪರೇಷನ್ ಮಾಡಿಸಿಕೊಂಡವರಲ್ಲಿ ಎಷ್ಟು ಜನ ಈ ಮಾತು ಕೇಳಿ ಬಾಯಿ ಮುಚ್ಚಿಕೊಂಡಿದ್ದಾರೋ ಏನೋ.

ಮೊದಲ ಥ್ಯಾಂಕ್ಸ್ ನನ್ನ ಡಯಟಿಷಿಯನ್ ಅವರಿಗೆ. ಅಳುತ್ತಾ ಹೋಗಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತಿಗೆ ಹಸಿವಾಗುತ್ತದೆ? ಎಲ್ಲಿ ಕೊರೆಯುತ್ತದೆ?" ಅಷ್ಟು ಕೇಳಿದ್ದಕ್ಕೇ ನನಗೆ ಅರ್ಧ ಜೀವ ಬಂತು. ಹಸಿವು ತಿರುಗಿ ಬರುವುದು ತುಂಬಾ ಜನರಿಗೆ ಆಗುತ್ತದೆ, ಕಳೆದುಕೊಂಡ ತೂಕವನ್ನು ವಾಪಸ್ ಪಡೆಯಲು ದೇಹ ನೋಡುತ್ತಲೇ ಇರುತ್ತದೆ ಅಂದರು. ಆಮೇಲೆ ನಾನು ತಿನ್ನುತ್ತಿದ್ದುದನ್ನೆಲ್ಲ ಬರೆಸಿದರು. ಹಲ್ಲಿಗೆ ಮೆತ್ತಗೆ, ಹೊಟ್ಟೆಗೆ ಹಿತ ಅಂತ ನಾನು ಕುಚ್ಚಲಕ್ಕಿ ಗಂಜಿ, ಚಹಾದ ಜೊತೆ ಖಾರಿ ಬಿಸ್ಕತ್ತು ತೆಗೆದುಕೊಳ್ಳುತ್ತಿದ್ದೆ. ಗಂಜಿ ಅಂದರೆ ನಮ್ಮ ಕರಾವಳಿಯವರಿಗೆ ಜೀವ ಅಲ್ವಾ. ಆದರೆ ಇಂಥದ್ದು ಈ ಸಣ್ಣ ಜಠರದಿಂದ ಸರ್ರನೆ ಜಾರಿಹೋಗುತ್ತದೆ, ಗಂಟೆ ಕಳೆಯುವುದರೊಳಗೆ ಮತ್ತೆ ಹಸಿವು. ಗಟ್ಟಿ ಪ್ರೋಟೀನ್ ಆದರೆ ನಿಲ್ಲುತ್ತದೆ. ಪನೀರು, ಮೊಟ್ಟೆ, ಮೊಳಕೆಕಾಳಿನ ಉಸಳಿ, ಬೇಯಿಸಿದ ಮೀನು. ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಅಂದರು. ನನ್ನ ಲೆಕ್ಕ ಅದರ ಅರ್ಧಕ್ಕೂ ಬಂದಿರಲಿಲ್ಲ. ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ ಅಂದರು. ಉಳಿದ ಹೊತ್ತಿನಲ್ಲಿ ಮಾತ್ರ ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಬೇಕು, ಯಾಕೆಂದರೆ ಬಾಯಾರಿಕೆಯೂ ಎಷ್ಟೋ ಸಲ ಹಸಿವಿನ ಹಾಗೇ ಕಾಣುತ್ತದೆ. ಒಲೆಯ ಮುಂದೆ ಬೆವರುವ ನನ್ನಂಥವರಿಗಂತೂ.

ಡಾಕ್ಟರಿಗೂ ನಾನು ಋಣಿ. "ರಾತ್ರಿ ಹೊತ್ತು ಕೊರೆಯುವುದು, ಎದೆ ಉರಿಯುವುದು ಇದೆಯಾ?" ಅಂತ ಕೇಳಿದರು. ಇತ್ತು. ಸ್ಲೀವ್ ಆದವರಲ್ಲಿ ಆಸಿಡ್ ತೊಂದರೆ ಸಾಮಾನ್ಯವಂತೆ, ಅದು ಹಸಿವಿನ ವೇಷ ಹಾಕಿಕೊಂಡು ಬರುತ್ತದೆ. ಅವರು ಕೊಟ್ಟ ಮಾತ್ರೆಗೆ ರಾತ್ರಿಯ ಹಸಿವು ಎರಡೇ ವಾರದಲ್ಲಿ ತಗ್ಗಿತು. ಇಂಥದ್ದು ಇರುವವರು ಸುಮ್ನೆ ಸಹಿಸಿಕೊಂಡು ಕೂರಬೇಡಿ, ನಿಮ್ಮ ಡಾಕ್ಟರಿಗೆ ಹೇಳಿ.

ಇನ್ನು ಅತ್ತೆಯ ವಿಷಯ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಗಳಿಗೆ ಮೊದಲ ಅನ್ನ ತಿನ್ನಿಸಿದ ಬೆಳ್ಳಿ ಬಟ್ಟಲು ಕಪಾಟಿನಲ್ಲಿ ಬಟ್ಟೆಯಲ್ಲಿ ಸುತ್ತಿ ಇಟ್ಟದ್ದಿತ್ತು. ಅತ್ತೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅದರ ಸಣ್ಣ ಚಮಚದ ಜೊತೆ ನನ್ನ ಮುಂದೆ ಇಟ್ಟರು. "ಇದು ತುಂಬಿದರೆ ನಿನ್ನ ಹೊಟ್ಟೆಯೂ ತುಂಬಿತು ಅಂತ ತಿಳ್ಕೋ" ಅಂದರು. ದೊಡ್ಡ ತಟ್ಟೆಯ ಮೂಲೆಯಲ್ಲಿ ನಾಲ್ಕು ತುತ್ತು ನೋಡಿದಾಗ ಆಗುವ ಸಂಕಟ ಆ ಬಟ್ಟಲಿನಲ್ಲಿ ಆಗಲಿಲ್ಲ. ಬಂಗುಡೆಯನ್ನು ಮುಳ್ಳು ತೆಗೆದು, ಕುಂಕುಮದ ಬಣ್ಣದ ಪುಳಿಮುಂಚಿಯಲ್ಲಿ ಒಂದು ಚೂರು ಅದ್ದಿ ಬಟ್ಟಲಿಗೆ ಹಾಕುತ್ತಿದ್ದರು. ನಾನು ಒಂದೊಂದು ತುತ್ತನ್ನೂ ಅಗಿದು ಅಗಿದು ನೀರು ಮಾಡುವವರೆಗೂ ಎದುರಿಗೆ ಕೂತು ಊರಿನ ಸುದ್ದಿ ಹೇಳುತ್ತಿದ್ದರು. ಕಾರ್ಕಳದ ಕಡೆಯ ಎಷ್ಟು ಮದುವೆ, ಎಷ್ಟು ನೇಮ, ಎಷ್ಟು ಜಾಗದ ಜಗಳ ನನಗೆ ಈ ವರ್ಷ ಗೊತ್ತಾಯಿತೋ! ಅವರು ಏಳುವವರೆಗೆ ನಾನೂ ಏಳುವ ಹಾಗಿರಲಿಲ್ಲ. ಹಾಗಾಗಿ ಗಬಗಬ ತಿನ್ನುವ ಪ್ರಶ್ನೆಯೇ ಬರಲಿಲ್ಲ.

ಡಬ್ಬಾದ ಅಡುಗೆಯ ಉಪ್ಪು ಹುಳಿ ನೋಡುವ ಕೆಲಸವನ್ನೂ ಅವರೇ ವಹಿಸಿಕೊಂಡರು. ರುಚಿ ನೋಡುವ ನೆಪದಲ್ಲಿ ಚಮಚ ಚಮಚ ಒಳಗೆ ಹೋಗುವುದು ಅಡುಗೆಯವರಿಗೆ ಗೊತ್ತಿರುತ್ತದೆ. ಏಕಾದಶಿ ಬಂದಾಗ, "ನೀನು ಉಪವಾಸ ಮಾಡಬೇಡ, ಡಾಕ್ಟರ್ ಊಟ ಬಿಡಬಾರದು ಅಂದಿದ್ದಾರೆ, ನಿನ್ನ ಲೆಕ್ಕದ್ದೂ ನಾನೇ ಮಾಡುತ್ತೇನೆ" ಅಂದರು. ಅತ್ತೆ, ನಿಮ್ಮೆದುರು ಇದನ್ನೆಲ್ಲ ಹೇಳಲು ನನಗೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆದೆ. ಮಗಳು ಓದಿ ಹೇಳುತ್ತಾಳೆ.

ನಮ್ಮ ಅಡುಗೆಮನೆಗೆ ಕೆಲಸಕ್ಕೆ ಬರುವ ಮಾವಶಿಗೆ (ಮರಾಠಿಯಲ್ಲಿ ಚಿಕ್ಕಮ್ಮ ಅಂತ) ಕನ್ನಡ ಬರುವುದಿಲ್ಲ, ಆದರೂ ಅವರ ಹೆಸರಿನಲ್ಲೂ ಒಂದು ನಮಸ್ಕಾರ. ಹನ್ನೊಂದಾಯಿತು ಅಂದರೆ ನನ್ನ ಕೈಯಿಂದ ಸೌಟು ತೆಗೆದುಕೊಂಡು, ಹೆಸರುಕಾಳಿನ ಉಸಳಿ ಕೊಟ್ಟು ಬಾಲ್ಕನಿಗೆ ಕಳಿಸುತ್ತಾರೆ. ಅನ್ನದ ಹಬೆಯಿಂದ ದೂರ ಕೂತು ಹತ್ತು ನಿಮಿಷ ತಿಂದು ಬರುವಷ್ಟರಲ್ಲಿ ಎಲ್ಲ ಡಬ್ಬದ ಮುಚ್ಚಳ ಹಾಕಿಯಾಗಿರುತ್ತದೆ. ನಮ್ಮವರು ಬೆಳಗಿನ ತರಕಾರಿ ಹೆಚ್ಚುವ ಕೆಲಸ ರಾತ್ರಿಯೇ ಮುಗಿಸಿಡುತ್ತಾರೆ, ನಾನು ಒಂದು ಗಂಟೆ ಜಾಸ್ತಿ ಮಲಗಲಿ ಅಂತ. ನಿದ್ದೆ ಕೆಟ್ಟ ದಿನ ಹಸಿವು ಹೆಚ್ಚು ಅನ್ನುವುದನ್ನು ನನಗಿಂತ ಮೊದಲು ಗಮನಿಸಿದ್ದು ಅವರೇ.

ಕೆಲವು ಸಲ ಹೊಟ್ಟೆಗೆ ಬೇಡದಿದ್ದರೂ ಮನಸ್ಸಿಗೆ ಬೇಕಾಗುತ್ತದೆ. ಫಡಕೆ ರೋಡಿನಲ್ಲಿ ನಡೆಯುವಾಗ ವಡಾ ಕರಿಯುವ ಎಣ್ಣೆಯ ವಾಸನೆ, ತಂಗಿಯ ಜೊತೆ ಫೋನಿನಲ್ಲಿ ಮಾತಿಗೆ ಮಾತು ಬೆಳೆದ ಸಂಜೆ, ಗಿರಾಕಿ ದುಡ್ಡು ಬಾಕಿ ಇಟ್ಟ ತಿಂಗಳು. ಇದನ್ನು ಯಾರ ಹತ್ತಿರ ಹೇಳುವುದು? ಆಪರೇಷನ್ ಆದವರೆಲ್ಲ ಸೇರುವ ಸಭೆಯಲ್ಲಿ ಕಲ್ಯಾಣದ ಒಬ್ಬ ಹೆಂಗಸಿನ ಪರಿಚಯವಾಯಿತು, ಹುಬ್ಬಳ್ಳಿ ಕಡೆಯವರು. "ನನಗೂ ಆಗತೈತ್ರಿ, ನೀವೇನು ಬ್ಯಾರೆ ಅಲ್ಲ" ಅಂದರು. ಈಗ ಹಾಗೆ ಅನ್ನಿಸಿದಾಗ ಇಬ್ಬರಲ್ಲಿ ಒಬ್ಬರು ಫೋನ್ ಮಾಡುತ್ತೇವೆ. ಹತ್ತು ಹದಿನೈದು ನಿಮಿಷ ಮಾತಾಡುತ್ತೇವೆ. ಅಷ್ಟರಲ್ಲಿ ಹೋದರೆ ಅದು ಮನಸ್ಸಿನದು. ಹೋಗದಿದ್ದರೆ ನಿಜವಾದ ಹಸಿವು, ಆಗ ಮೊಸರೋ ಮೊಟ್ಟೆಯೋ ತಿನ್ನುತ್ತೇವೆ, ತಪ್ಪೇನೂ ಅನ್ನಿಸುವುದಿಲ್ಲ. ಅಕ್ಕಾ, ನೀವು ಆ ದಿನ ನನ್ನ ಪಕ್ಕದ ಕುರ್ಚಿಯಲ್ಲಿ ಕೂತದ್ದು ನನ್ನ ಪುಣ್ಯ.

ಹಸಿವು ಪೂರ್ತಿ ಹೋಗಿಲ್ಲ. ಬಿ12, ಐರನ್, ಕ್ಯಾಲ್ಸಿಯಂ ಮಾತ್ರೆಯೂ ಇನ್ನು ಮುಂದೆ ಜೀವನಪೂರ್ತಿ ಇರುವಂಥದ್ದೇ. ಚೌತಿ ಹತ್ತಿರ ಬಂತು, ಮೋದಕದ ಆರ್ಡರುಗಳು ಬರುತ್ತಿವೆ, ಈ ಸಲವೂ ನಾನೇ ಮಾಡುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದು, ಹಸಿವಾಗುತ್ತದೆ ಎಂದು ಹೇಳಲು ಸಂಕೋಚ ಇದ್ದರೆ ಮಧ್ಯಾಹ್ನ ಎರಡರ ಮೇಲೆ ನನಗೆ ಫೋನ್ ಮಾಡಿ. ಡಬ್ಬಾ ಎಲ್ಲ ಹೋಗಿರುತ್ತದೆ, ನಾನು ಬಿಡುವಾಗಿರುತ್ತೇನೆ.