ಗುಂಡಿ ಹಾಕುವ ಕೊಕ್ಕೆ

ಪ್ರೀತಿಯ ತಮ್ಮನಿಗೆ,

ನಿನ್ನ ಟೈಟಾನಿಕ್ ಕಥೆ ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ಹಡಗು ಮುಳುಗುವ ಭಾಗ ಚೆನ್ನಾಗಿದೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ನನಗೆ ತಕರಾರು ಇರುವುದು ಮೂರನೇ ಪುಟದ ಮೇಲೆ. "ಮೇಲಿನ ಡೆಕ್ಕಿನಲ್ಲಿ ರೇಷ್ಮೆ, ಕೆಳಗಿನ ಡೆಕ್ಕಿನಲ್ಲಿ ಚಿಂದಿ" ಎಂದು ಬರೆದಿದ್ದೀಯ. ಕೇಳಲು ಸೊಗಸಾಗಿದೆ. ಬರೆದ ಮೇಲೆ ನೀನೂ ಒಂದು ಸಲ ಗಟ್ಟಿಯಾಗಿ ಓದಿಕೊಂಡಿರುತ್ತೀಯ, ಅಲ್ವಾ?

ಮೊದಲು ರೇಷ್ಮೆಯ ವಿಷಯ. ನಿನ್ನ ನಾಯಕಿ "ಕನ್ನಡಿ ಮುಂದೆ ನಿಂತು ಗೌನು ತೊಟ್ಟಳು" ಎಂದಿದ್ದೀಯ. ಒಬ್ಬಳೇ ಹೇಗೆ ತೊಟ್ಟಳು ಮಾರಾಯ? ಆ ಕಾಲದ ಎಷ್ಟೋ ಗೌನುಗಳಿಗೆ ಹುಕ್ಕುಗಳು ಇರುತ್ತಿದ್ದದ್ದು ಬೆನ್ನಿನ ಕಡೆ. ಒಳಗೆ ಸೊಂಟ ಬಿಗಿಯುವ ಕಾರ್ಸೆಟ್, ಅದಕ್ಕೆ ಲಾಡಿ. ಕೈ ತಿರುಗಿಸಿದರೂ ನಿಲುಕುವುದಿಲ್ಲ. ಬೆನ್ನಿಗೆ ಹುಕ್ಕು ಇದೆ ಅಂದರೆ ಬೆನ್ನ ಹಿಂದೆ ಇನ್ನೊಬ್ಬಳು ನಿಂತಿದ್ದಾಳೆ ಅಂತ ಲೆಕ್ಕ. ಶೂಗೆ ಸಾಲಾಗಿ ಪುಟ್ಟ ಗುಂಡಿಗಳು, ಉದ್ದ ಕೈಗವಸಿನ ಮಣಿಕಟ್ಟಿನಲ್ಲಿ ಇನ್ನೂ ಪುಟ್ಟವು. ಬೆರಳಲ್ಲಿ ಹಾಕಲು ಆಗದು. ಅದಕ್ಕೆಂದೇ ಒಂದು ಕೊಕ್ಕೆ ಇರುತ್ತಿತ್ತು. ಹಿಡಿಯಿರುವ ತೆಳ್ಳನೆ ಕಡ್ಡಿ, ತುದಿಯಲ್ಲಿ ಬಾಗಿದ ಲೋಹ. ರಂಧ್ರದೊಳಗೆ ತೂರಿಸಿ, ಗುಂಡಿಯನ್ನು ಹಿಡಿದು, ಎಳೆದುಕೊಳ್ಳುವುದು. ಈ ಕೊಕ್ಕೆಯನ್ನು ನೆನಪಿಟ್ಟುಕೋ, ಇನ್ನೊಂದು ಸಲ ಬರುತ್ತದೆ.

ಟೈಟಾನಿಕ್‌ನಲ್ಲಿ ಷಾರ್ಲೆಟ್ ಕಾರ್ಡೇಜಾ ಎಂಬ ಶ್ರೀಮಂತೆ ಇದ್ದಳು. ಜೊತೆಗೆ ಮಗ, ಅವಳಿಗೊಬ್ಬ ಕೆಲಸದಾಕೆ, ಮಗನಿಗೊಬ್ಬ ಆಳು. ಸಾಮಾನು 14 ಟ್ರಂಕು, 4 ಸೂಟ್‌ಕೇಸು, 3 ಪೆಟ್ಟಿಗೆ. ನಾಲ್ಕೂ ಜನ ಬದುಕಿದರು, ಸಾಮಾನು ಮುಳುಗಿತು. ಆಮೇಲೆ ಅವಳು ಪುಟಗಟ್ಟಲೆ ಪಟ್ಟಿ ಮಾಡಿ ಪರಿಹಾರ ಕೇಳಿದಳು: 1,77,352 ಡಾಲರ್ 75 ಸೆಂಟ್. ಆ 75 ಸೆಂಟನ್ನು ಬಿಡಬೇಡ. ನಿನ್ನ ರೇಷ್ಮೆಗಿಂತ ಅದು ಜಾಸ್ತಿ ಹೇಳುತ್ತದೆ.

ಇನ್ನೊಂದು ಸಣ್ಣ ತಪ್ಪು. ಹೊರಟ ಮೊದಲ ರಾತ್ರಿಯೇ ಎಲ್ಲರನ್ನೂ ವಜ್ರ ಹಾಕಿಸಿ ಊಟಕ್ಕೆ ಕೂರಿಸಿದ್ದೀಯ. ದೊಡ್ಡ ಹಡಗುಗಳ ರೂಢಿ ಬೇರೆ. ಮೊದಲ ರಾತ್ರಿ ಟ್ರಂಕು ಬಿಚ್ಚಿರುವುದಿಲ್ಲ, ಕೊನೆಯ ರಾತ್ರಿ ಕಟ್ಟಿಯಾಗಿರುತ್ತದೆ. ಆ ಎರಡು ರಾತ್ರಿ ಊಟಕ್ಕೆಂದು ಯಾರೂ ವಿಶೇಷವಾಗಿ ಸಿಂಗರಿಸಿಕೊಳ್ಳುತ್ತಿರಲಿಲ್ಲ. ಹೊಸದಾಗಿ ದುಡ್ಡು ಬಂದವರು ಇದನ್ನು ತಿಳಿಯದೆ ಮೊದಲ ದಿನವೇ ಜಗಮಗ ಅಂತ ಇಳಿದು ಬಂದಿದ್ದರೆ ಹೇಗಿರುತ್ತಿತ್ತು, ಯೋಚಿಸಿ ನೋಡು. ಅಲ್ಲೇ ಒಂದು ದೃಶ್ಯವಿದೆ. ಬೇಕಾದರೆ ತೆಗೆದುಕೋ.

ಈಗ ಚಿಂದಿ. ಬಡವರು ದೂರದೂರಿಗೆ ಹರಕು ಹಾಕಿಕೊಂಡು ಹೊರಡುತ್ತಾರಾ? ನಮ್ಮಮ್ಮ ತಾಲ್ಲೂಕು ಕಚೇರಿಗೆ ಹೋಗಬೇಕಾದರೆ ಟ್ರಂಕಿನ ತಳದಿಂದ ಮದುವೆ ಸೀರೆ ತೆಗೆಯುತ್ತಿದ್ದಳು. ಬಸ್ಸಿನಲ್ಲಿ ನಮ್ಮ ಸೀಟಿನ ಸುತ್ತ ನುಸಿಗುಳಿಗೆ ವಾಸನೆ. ಈ ಬಿಸಿಲಲ್ಲಿ ಇದ್ಯಾಕಮ್ಮ ಎಂದರೆ, "ಅಲ್ಲಿರೋರು ನಮ್ಮನ್ನ ನೋಡ್ತಾರಲ್ಲಪ್ಪ" ಎನ್ನುತ್ತಿದ್ದಳು.

ಅಟ್ಲಾಂಟಿಕ್ ದಾಟಿದವರನ್ನು ನೋಡುವವರು ನ್ಯೂಯಾರ್ಕಿನಲ್ಲಿ, ವಲಸೆ ಬಂದವರನ್ನು ತಪಾಸಣೆ ಮಾಡುವ ಎಲ್ಲಿಸ್ ಐಲ್ಯಾಂಡ್ ಎಂಬ ದ್ವೀಪದಲ್ಲಿ ಕಾಯುತ್ತಿದ್ದರು. ಮೊದಲ ಮತ್ತು ಎರಡನೇ ದರ್ಜೆಯವರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ಅವರು ಸೀದಾ ಊರೊಳಗೆ. ಮೂರನೇ ದರ್ಜೆಯವರನ್ನು ದೋಣಿಯಲ್ಲಿ ತುಂಬಿ ಆ ದ್ವೀಪಕ್ಕೆ ಒಯ್ಯುತ್ತಿದ್ದರು. ಗಂಟುಮೂಟೆ ಹೊತ್ತು ಮೆಟ್ಟಿಲು ಹತ್ತುವಾಗಲೇ ಡಾಕ್ಟರುಗಳ ಕಣ್ಣು ಮೇಲಿರುತ್ತಿತ್ತು. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಇಂಗ್ಲಿಷ್ ಅಕ್ಷರ. ಹೃದಯಕ್ಕೆ ಎಚ್, ಕುಂಟಿಗೆ ಎಲ್, ಕಣ್ಣಿಗೆ ಇ. ಬುದ್ಧಿಯ ಬಗ್ಗೆ ಅನುಮಾನವಿದ್ದರೆ ಎಕ್ಸ್. ಊರಲ್ಲಿ ಸಾಲ ಮಾಡಿ ಹೊಲಿಸಿದ ಕೋಟು ಅಂದುಕೋ. ಅದರ ಮೇಲೆ ಗೀಟು. ಕೆಲವರು ಜಾಣರು, ಕೋಟು ತೆಗೆದು ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡು ಸುಮ್ನೆ ಮುಂದೆ ಹೋಗಿಬಿಟ್ಟರು.

ಆಮೇಲೆ ಕಣ್ಣಿನ ಪರೀಕ್ಷೆ. ಟ್ರಕೋಮಾ ಎಂಬ ಅಂಟುರೋಗ ಇದೆಯಾ ಎಂದು ನೋಡಲು ರೆಪ್ಪೆಯನ್ನು ಒಳಗಿನಿಂದ ಮಗುಚಬೇಕು. ಡಾಕ್ಟರು ಬೆರಳಲ್ಲಿ ಮಾಡುತ್ತಿದ್ದರು, ಇಲ್ಲವೇ ಒಂದು ಸಲಕರಣೆ ಎತ್ತಿಕೊಳ್ಳುತ್ತಿದ್ದರು. ಯಾವುದು ಗೊತ್ತಾ? ಅದೇ ಕೊಕ್ಕೆ. ಶೂಗೆ ಗುಂಡಿ ಹಾಕುವ ಕೊಕ್ಕೆ.

ಇದನ್ನು ಮೊದಲು ಓದಿದ ದಿನ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತಿದ್ದೆ. ಒಂದೇ ಸಾಮಾನು. ಮೇಲಿನ ಕ್ಯಾಬಿನ್ನಿನಲ್ಲಿ ಕೆಲಸದಾಕೆ ಮಂಡಿಯೂರಿ ಯಜಮಾನಿಯ ಶೂಗೆ ಅದನ್ನು ತೂರಿಸುತ್ತಾಳೆ. ದ್ವೀಪದಲ್ಲಿ ಅದು ಮಗುವಿನ ಕಣ್ಣಿನ ಹತ್ತಿರ ಬರುತ್ತದೆ. ನಿನ್ನ ಕಥೆಯ ಹುಡುಗಿ ಮೂರನೇ ದರ್ಜೆಯವಳು, ಕಣ್ಣು ಕೆಂಪಗಾಗಿದೆ ಎಂದು ನೀನೇ ಬರೆದಿದ್ದೀಯ. ಅವಳು ನ್ಯೂಯಾರ್ಕ್ ಮುಟ್ಟದಿದ್ದರೂ ಆ ಭಯ ಹಡಗು ಹತ್ತಿದ ದಿನದಿಂದ ಅವಳ ಜೊತೆ ಇರಬೇಕು.

ಚಿಂದಿ ಇರಲಿಲ್ಲ ಎನ್ನಲು ನನ್ನ ಅಮ್ಮನ ಸಾಕ್ಷಿ ಸಾಲದು ಎಂದರೆ ಆಗಸ್ಟಸ್ ಶೆರ್ಮನ್ ತೆಗೆದ ಫೋಟೋಗಳನ್ನು ನೋಡು. ಅವನು ಎಲ್ಲಿಸ್ ಐಲ್ಯಾಂಡಿನಲ್ಲೇ ಗುಮಾಸ್ತ. ಕುರಿಚರ್ಮದ ಕೋಟಿನ ರುಮೇನಿಯಾದ ಕುರುಬ, ಕಸೂತಿಯ ಏಪ್ರನ್ ಕಟ್ಟಿದ ಹೆಂಗಸರು. ಫೋಟೋಗೆಂದು ಗಂಟು ಬಿಚ್ಚಿ ಹಾಕಿಕೊಂಡಿರಲೂಬಹುದು. ಇರಲಿ, ಗಂಟಿನಲ್ಲಿ ಇತ್ತಲ್ಲ!

ಫೋಟೋ ಎಂದಾಗ ಒಂದು ಎಚ್ಚರಿಕೆ. 1907ರಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ಎಂಬ ಅಮೆರಿಕದ ಛಾಯಾಗ್ರಾಹಕ 'ಕೈಸರ್ ವಿಲ್ಹೆಲ್ಮ್ 2' ಹಡಗಿನ ಮೊದಲ ದರ್ಜೆಯಲ್ಲಿದ್ದಾಗ ಕೆಳಗಿನ ಡೆಕ್ಕಿನ ಒಂದು ಚಿತ್ರ ತೆಗೆದ. ಮೇಲೆ ಒಬ್ಬನ ದುಂಡನೆ ಹುಲ್ಲಿನ ಟೋಪಿ, ಇನ್ನೊಬ್ಬನ ಬೆನ್ನ ಮೇಲೆ ಕತ್ತರಿಯಾಕಾರದ ಬಿಳಿ ಪಟ್ಟಿ, ಕೆಳಗೆ ಪಟ್ಟೆಪಟ್ಟೆ ಶಾಲು. ಅಮೆರಿಕಕ್ಕೆ ಬರುತ್ತಿರುವ ಬಡವರು ಎಂದು ಅದನ್ನು ಎಲ್ಲೆಲ್ಲೋ ಅಚ್ಚು ಹಾಕಿದರು. ಹಡಗು ಹೋಗುತ್ತಿದ್ದದ್ದು ಯುರೋಪಿಗೆ, ಅವರು ಹಿಂದಿರುಗುತ್ತಿದ್ದವರು. ಶಾಲು ಹೊದ್ದವರನ್ನು ಪ್ರಾರ್ಥನೆ ವಸ್ತ್ರದ ಯಹೂದಿ ಗಂಡಸು ಎಂದುಕೊಂಡವರು ಎಷ್ಟೋ ಜನ. ಅದು ಹೆಂಗಸು. ನಾನೂ ವರ್ಷಗಟ್ಟಲೆ ಹಾಗೇ ನಂಬಿದ್ದೆ, ಒಂದು ಭಾಷಣದಲ್ಲಿ ಹೇಳಿಯೂ ಬಿಟ್ಟಿದ್ದೆ. ಬಟ್ಟೆ ನೋಡಿ ಕಥೆ ಕಟ್ಟುವ ಚಟ ನಮ್ಮಂಥವರಿಗೇ ಜಾಸ್ತಿ.

ನಿನ್ನ ಹಡಗಿನಲ್ಲಿ ಮೇಲಿನವರು, ಕೆಳಗಿನವರು ಇಬ್ಬರೇ ಇದ್ದಾರೆ. ಬ್ಯಾಂಡಿನವರು ಎಲ್ಲಿ ಹೋದರು? ಅವರ ಟಿಕೆಟ್ಟು ಎರಡನೇ ದರ್ಜೆಯದು, ಮೈಮೇಲೆ ಸಮವಸ್ತ್ರ. ಪಿಟೀಲು ನುಡಿಸುತ್ತಿದ್ದ ಜಾಕ್ ಹ್ಯೂಮ್ ಎಂಬ ಹುಡುಗ ಸತ್ತು ತಿಂಗಳಾಗಿರಲಿಲ್ಲ. ಕೆಲಸಕ್ಕೆ ಕಳಿಸಿದ್ದ ಏಜೆನ್ಸಿಯಿಂದ ಅವನ ಅಪ್ಪನಿಗೆ ಸಮವಸ್ತ್ರದ ಬಾಕಿಯ ಬಿಲ್ಲು ಬಂತು. 14 ಶಿಲ್ಲಿಂಗ್ 7 ಪೆನ್ಸ್.

ಮುಳುಗಿದ ಮೇಲೂ ಬಟ್ಟೆ ಕೆಲಸ ಮಾಡಿತು. ಶವ ಹುಡುಕಲು ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ ಹೋದ 'ಮ್ಯಾಕೆ-ಬೆನೆಟ್' ಹಡಗಿಗೆ 306 ಶವ ಸಿಕ್ಕವು. ಅಷ್ಟಕ್ಕೆ ಶವಪೆಟ್ಟಿಗೆಯೂ ಇರಲಿಲ್ಲ, ಶವ ಕೆಡದಂತೆ ಇಡುವ ಔಷಧವೂ ಇರಲಿಲ್ಲ. 116ನ್ನು ಸಮುದ್ರಕ್ಕೇ ಬಿಟ್ಟರು. ಅವರಲ್ಲಿ ಹೆಚ್ಚಿನವರು ಮೂರನೇ ದರ್ಜೆಯವರು, ಹಡಗಿನ ಕೆಲಸಗಾರರು. ಯಾರು ಯಾವ ದರ್ಜೆ ಎಂದು ಹೇಳಲು ಅಲ್ಲಿ ಇದ್ದದ್ದು ಮೈಮೇಲಿನ ಬಟ್ಟೆ, ಜೇಬಿನ ಸಾಮಾನು. ಮೊದಲ ದರ್ಜೆಯವರಿಗೆ ಪೆಟ್ಟಿಗೆ, ಎರಡನೇ, ಮೂರನೇ ದರ್ಜೆಯವರಿಗೆ ಕ್ಯಾನ್ವಾಸು. ಕೋಟ್ಯಧಿಪತಿ ಆಸ್ಟರ್ ಗುರುತು ಸಿಕ್ಕಿದ್ದು ಕಾಲರಿನಲ್ಲಿದ್ದ ಹೆಸರಿನ ಅಕ್ಷರಗಳಿಂದ.

ಅದೇ ಹಡಗು ಒಂದು ಗಂಡು ಮಗುವನ್ನೂ ತಂದಿತು. ಆಗ ಹೆಸರು ಗೊತ್ತಿರಲಿಲ್ಲ. ದಡದಲ್ಲಿ, ನೆನಪಿಗೆಂದು ಜನ ಕದ್ದೊಯ್ಯದಿರಲಿ ಎಂದು ಸತ್ತವರ ಬಟ್ಟೆಗಳನ್ನು ಸುಡಲು ಹೇಳಿದ್ದರು. ಕಾವಲಿಗಿದ್ದ ಪೊಲೀಸ್ ಸಾರ್ಜೆಂಟ್ ಕ್ಲಾರೆನ್ಸ್ ನಾರ್ತೋವರ್‌ಗೆ ಆ ಮಗುವಿನ ಕಂದು ಚರ್ಮದ ಶೂಗಳನ್ನು ಬೆಂಕಿಗೆ ಹಾಕಲು ಕೈ ಬರಲಿಲ್ಲ. ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡ. 2002ರಲ್ಲಿ ಅವನ ಮೊಮ್ಮಗ ಅವನ್ನು ಅಲ್ಲಿನ ಕಡಲ ಮ್ಯೂಸಿಯಮ್ಮಿಗೆ ಕೊಟ್ಟ. ಮಗು 13 ತಿಂಗಳಿನದು ಎಂದು ಡಿಎನ್‌ಎ ಪರೀಕ್ಷೆ ಮಾಡಿದವರು ಮೊದಲು ಹೇಳಿದ್ದರು. ಆ ವಯಸ್ಸಿಗೆ ಶೂ ದೊಡ್ಡದಾಯಿತಲ್ಲ ಎಂದು ಅನುಮಾನ ಬಂತು. ಮತ್ತೆ ಪರೀಕ್ಷೆ ಮಾಡಿದರು. 2007ರಲ್ಲಿ ಹೆಸರು ಸಿಕ್ಕಿತು: ಸಿಡ್ನಿ ಗುಡ್ವಿನ್, 19 ತಿಂಗಳು, ಮೂರನೇ ದರ್ಜೆ. ಅಪ್ಪ, ಅಮ್ಮ, ಆರು ಮಕ್ಕಳು, ಮನೆಯ ಎಂಟೂ ಜನ ಹೋಗಿದ್ದರು.

ಆ ಶೂಗಳ ಚಿತ್ರ ಹುಡುಕಿ ನೋಡು. ಚಿಂದಿ ಅಂತ ಬರೆಯಲು ಆಗುತ್ತಾ, ಹೇಳು.

ಮೂರನೇ ಪುಟ ಮತ್ತೆ ಬರೆದು ಕಳಿಸು. ಕಾಗದದ ಮೇಲೇ ಬರಲಿ, ಫೋನಿನಲ್ಲಿ ಓದಲು ನನ್ನ ಕಣ್ಣಿಗೆ ಆಗುತ್ತಿಲ್ಲ. ಮನೆಯಲ್ಲಿ ಎಲ್ಲರಿಗೂ ಕೇಳಿದೆ ಎಂದು ಹೇಳು.

ನಿನ್ನ,
ಮೇಷ್ಟ್ರು