ಭಾನುವಾರದ ಲೆಕ್ಕ: ವಿಲ್ಲಿ ಮೇಸ್

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ನಮ್ಮ ಬೇಸ್‌ಬಾಲ್ ಹರಟೆ ಇದೆ. ಈ ಸಲ ಅಮೆರಿಕದ ಹೆಸರಾಂತ ಸೆಂಟರ್ ಫೀಲ್ಡರ್ (ಔಟ್‌ಫೀಲ್ಡಿನ, ಅಂದರೆ ಮೈದಾನದ ಹೊರಭಾಗದ, ನಡುವೆ ನಿಲ್ಲುವವರು) ವಿಲ್ಲಿ ಮೇಸ್ ಸರದಿ. ಔಟ್‌ಫೀಲ್ಡಿನಲ್ಲಿ 7,095 ಪುಟ್‌ಔಟ್ (ಕ್ಯಾಚ್ ಹಿಡಿದೋ ಬೇರೆ ರೀತಿಯಲ್ಲೋ ತಾನೇ ಔಟ್ ಮುಗಿಸಿದ್ದು), ಅದು ಮೇಜರ್ ಲೀಗ್ ದಾಖಲೆ. 1957ರಿಂದ 1968ರವರೆಗೆ ಒಂದು ವರ್ಷವೂ ಬಿಡದೆ 12 ಗೋಲ್ಡ್ ಗ್ಲವ್ (ಉತ್ತಮ ಫೀಲ್ಡಿಂಗ್‌ಗೆ ಕೊಡುವ ಪ್ರಶಸ್ತಿ).

ಬರೀ ಫೀಲ್ಡಿಂಗ್ ಶೇಕಡಾವಾರು (ಸಿಕ್ಕ ಅವಕಾಶಗಳಲ್ಲಿ ತಪ್ಪಿಲ್ಲದೆ ಮುಗಿಸಿದ ಪಾಲು) ನೋಡಿಕೊಂಡು ಬರಬೇಡಿ. ಓಡದೇ ನಿಂತವನ ಕೈಯಿಂದ ಚೆಂಡು ಜಾರುವುದಾದರೂ ಹೇಗೆ, ಅಲ್ವಾ? ರೇಂಜ್ ಫ್ಯಾಕ್ಟರ್ ತೆಗೆಯಿರಿ: ಪುಟ್‌ಔಟ್, ಅಸಿಸ್ಟ್ (ಚೆಂಡೆಸೆದು ಬೇರೆಯವರ ಔಟ್‌ಗೆ ನೆರವಾದದ್ದು) ಕೂಡಿಸಿ, ಆಡಿದ ಪಂದ್ಯಗಳಿಂದ ಭಾಗಿಸಿ. ಅದನ್ನು ಅದೇ ವರ್ಷದ ಸೆಂಟರ್ ಫೀಲ್ಡರ್‌ಗಳ ಸರಾಸರಿ ಜೊತೆ ಹೋಲಿಸಿ. ಮೂಲೆ ಫೀಲ್ಡರ್‌ಗಳನ್ನು (ಔಟ್‌ಫೀಲ್ಡಿನ ಎಡ, ಬಲದವರನ್ನು) ಸೇರಿಸಬೇಡಿ, ನಡುವೆ ಚೆಂಡು ಬರುವುದೇ ಜಾಸ್ತಿ.

ಒಬ್ಬೊಬ್ಬರು ಒಂದೊಂದು ವರ್ಷ ಆರಿಸಿ, ಶುಕ್ರವಾರದೊಳಗೆ ಇಲ್ಲೇ ತಿಳಿಸಿ. 1953 ಬೇಡ, ಆಗ ಅವರು ಸೇನೆಯಲ್ಲಿದ್ದರು!