ಕೊಕ್ಕರೆಗೆ ಬಿಳಿ ಬಣ್ಣ ಬಳಿಯಬೇಡ

ಚಿ. ಪುಟ್ಟಿಗೆ,

ಮೈಸೂರಿನಿಂದ ನಿನ್ನ ಮಾವನ ಆಶೀರ್ವಾದಗಳು. ನೀನು ರಂಗನತಿಟ್ಟಿನಲ್ಲಿ ಕೂತು ಬರೆದ ಚಿತ್ರ ತಲುಪಿತು. ಸುಮ್ನೆ ಹೊಗಳಲ್ಲ. ನೀರು ಚೆನ್ನಾಗಿ ಬಂದಿದೆ, ಕೊಕ್ಕರೆ ಬಂದಿಲ್ಲ. ಅದಕ್ಕೆ ಬಿಳಿ ಬಣ್ಣ ಬಳಿದಿದ್ದೀಯ, ಅಲ್ವಾ? ಸುಣ್ಣ ಹೊಡೆದ ಹಾಗಿದೆ.

ಜಲವರ್ಣದಲ್ಲಿ ಬಿಳಿ ಅಂದರೆ ಕಾಗದವೇ. ಹಕ್ಕಿಯ ಜಾಗವನ್ನು ಖಾಲಿ ಬಿಡು. ಅದರ ಹಿಂದಿನ ಹೊಳೆಮತ್ತಿ ಮರದ ನೆರಳನ್ನು ಗಾಢವಾಗಿ ಹಾಕು. ಹಕ್ಕಿ ತಾನಾಗಿ ಎದ್ದು ಬರುತ್ತದೆ. ಬಣ್ಣದ ಕೊಕ್ಕರೆ ಅನ್ನುವ ಈ ಜಾತಿಗೆ ಬಾಲದ ಹತ್ತಿರ ಗುಲಾಬಿ ಇರುತ್ತದೆ ನೋಡು, ಅಷ್ಟು ಜಾಗವನ್ನು ಮಾತ್ರ ಬರೀ ನೀರಿನಿಂದ ಒದ್ದೆ ಮಾಡು. ಕುಂಚದ ತುದಿಯಲ್ಲಿ ಚೂರು ಕೆಂಪು ತೆಗೆದುಕೊಂಡು ಮುಟ್ಟಿಸಿ, ಕೈ ಹಿಂದಕ್ಕೆ ತೆಗೆ. ಅದು ಹರಡುವಾಗ ತಿದ್ದಲು ಹೋಗಬೇಡ. ನನಗೆ ಈ ಕೈ ತಡೆಯುವುದು ಬರಲು ಎರಡು ವರ್ಷ ಹಿಡಿಯಿತು.

ಕಾಗದ ದಪ್ಪನೆಯದು, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ್ದು) ಇರಲಿ. ತೆಳುವಾದದ್ದು ನೀರು ಬಿದ್ದರೆ ಹಪ್ಪಳದ ಹಾಗೆ ಉಬ್ಬುತ್ತದೆ. ದುಡ್ಡು ಜಾಸ್ತಿ ಅನ್ನಿಸಿದರೆ ಹಾಳೆಯನ್ನು ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿಕೋ. ಹೊರಗೆ ಕೂತವರಿಗೆ ಅಷ್ಟೇ ಸಾಕು, ಈ ಬಿಸಿಲಲ್ಲಿ ದೊಡ್ಡ ಹಾಳೆಯ ಕೆಳಗಿನ ಅಂಚಿಗೆ ಬರುವಷ್ಟರಲ್ಲಿ ಮೇಲಿನದು ಒಣಗಿರುತ್ತದೆ. ಟ್ಯೂಬಿನ ಹಸಿರನ್ನು ಹಾಗೇ ಹಚ್ಚಬೇಡ, ಪ್ಲಾಸ್ಟಿಕ್ ಗಿಡದ ಹಾಗೆ ಕಾಣುತ್ತದೆ. ಹಳದಿಗೆ ನೀಲಿ ಬೆರೆಸಿ, ಚಿಟಿಕೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಸೇರಿಸು.

ಗೇಟು ತೆಗೆದ ಕೂಡಲೇ ಹೋಗಿ ಬಿದಿರಿನ ನೆರಳು ಹಿಡಿ. ಕಾಗದದ ಮೇಲೆ ಬಿಸಿಲು ಬೀಳಲೇಬಾರದು. ಬಿಸಿಲಲ್ಲಿ ಫಳಫಳ ಅನ್ನುವ ಚಿತ್ರ ಮನೆಗೆ ತಂದರೆ ಮಸಿಯಾಗಿರುತ್ತದೆ. ದೋಣಿಯಲ್ಲಿ ಪೆನ್ಸಿಲ್ ಮಾತ್ರ ಸಾಕು. ಒಮ್ಮೆ ದೋಣಿಯಿಂದ ಒಂದು ಬಂಡೆಯನ್ನು ಗೀಚುತ್ತಿದ್ದೆ. ಅರ್ಧ ಆದಾಗ ಬಂಡೆ ಬಾಯಿ ತೆರೆಯಿತು. ಮೊಸಳೆ!

ಒಂದು ನಾಚಿಕೆಯ ವಿಷಯ ಹೇಳಿಬಿಡುತ್ತೇನೆ. ಶುರುವಿನಲ್ಲಿ ನಾನು ಕುಂಚವನ್ನು ಹೊಳೆಯಲ್ಲೇ ಅದ್ದಿ ತೊಳೆದೆ. ಕಾವಲಿನವರು ಬಂದು, 'ಸ್ವಾಮಿ, ಈ ನೀರಲ್ಲಿ ಮೀನಿದೆ, ಮೀನು ತಿನ್ನೋ ಹಕ್ಕಿ ಇದೆ' ಅಂದರು. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ವಿಷದ ಲೋಹ ಇರುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿಗೆ ಬೆಲೆ ಕೊಟ್ಟು 1940ರಲ್ಲಿ ಮೈಸೂರು ಅರಸರು ಪಕ್ಷಿಧಾಮ ಮಾಡಿದ ಜಾಗ ಅದು, ನಾನು ಅಲ್ಲಿ ಬಣ್ಣ ಕದಡುತ್ತಿದ್ದೆ. ಅಂದಿನಿಂದ ಕೊಳೆ ನೀರಿಗೆ ಬೇರೆ ಬಾಟಲಿ, ಮುಚ್ಚಳ ಬಿಗಿ ಮಾಡಿ ವಾಪಸ್ ತರುತ್ತೇನೆ. ನೀನೂ ಹಾಗೇ ಮಾಡು.

ಮುಂದಿನ ಭಾನುವಾರ ಕೊಕ್ಕರೆ ಬೆಳ್ಳೂರಿಗೆ ಹೋಗೋಣ. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಎರಡೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರವರು ನೋಡಿಕೊಳ್ಳುತ್ತಾರೆ. ಮರದ ನೇರ ಕೆಳಗೆ ಮಾತ್ರ ಕೂರಬೇಡ, ಮೇಲಿನಿಂದ ಬೇರೆಯದೇ ಬಿಳಿ ಬಣ್ಣ ಬೀಳುತ್ತದೆ. ನೀನು ಬೆಂಗಳೂರಿನಿಂದ ಬಾ, ನಾನು ಇಲ್ಲಿಂದ ಹೊರಡುತ್ತೇನೆ. ಮದ್ದೂರಿನಲ್ಲಿ ವಡೆ ತಿಂದು ಮುಂದೆ ಹೋಗೋಣ. ಆ ಬಿಳಿ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಬಾ.

ಇತಿ,
ನಿನ್ನ ಮಾವ